ಲ್ಯಾಂಬ್ಡಾ ಕೋಲ್ಡ್ ಸ್ಟಾರ್ಟ್: ಬೆಚ್ಚಗಿರುವ ಕಂಟೇನರನ್ನೇ ಮತ್ತೆ ಬಳಸಿ

ಲ್ಯಾಂಬ್ಡಾ ಎಂದರೆ ಸರ್ವರ್ ನೋಡಿಕೊಳ್ಳುವ ಗೋಜಿಲ್ಲದೆ ನಮ್ಮ ಕೋಡ್ ಓಡಿಸುವ ಅಮೆಜಾನ್ (ಎಡಬ್ಲ್ಯೂಎಸ್) ಸೇವೆ. ಕೋಡ್ ಓಡಲು ಹೊಸ ಕಂಟೇನರ್, ಅಂದರೆ ಪ್ರತ್ಯೇಕ ಪರಿಸರ, ಶುರುವಾಗಬೇಕಾದಾಗ ಆಗುವ ತಡವೇ ಕೋಲ್ಡ್ ಸ್ಟಾರ್ಟ್. ಡೇಟಾಬೇಸ್ ಕನೆಕ್ಷನ್, ಎಡಬ್ಲ್ಯೂಎಸ್ ಸೇವೆಗಳನ್ನು ಕರೆಯುವ ಎಸ್‌ಡಿಕೆ ಕ್ಲೈಂಟ್, ಕಾನ್ಫಿಗ್ ಓದುವ ಕೆಲಸ ಎಲ್ಲವೂ ಪ್ರತಿ ರಿಕ್ವೆಸ್ಟ್‌ಗೂ ಓಡುವ ಹ್ಯಾಂಡ್ಲರ್ ಫಂಕ್ಷನ್ನಿನ ಹೊರಗಿರಲಿ. ಎಡಬ್ಲ್ಯೂಎಸ್ ಲ್ಯಾಂಬ್ಡಾದಲ್ಲಿ ಆ ಭಾಗ ಕಂಟೇನರ್ ಶುರುವಾಗುವಾಗ ಒಮ್ಮೆ ಮಾತ್ರ ಓಡುತ್ತದೆ. ಅದೇ ಕಂಟೇನರಿಗೆ ಬರುವ ಮುಂದಿನ ರಿಕ್ವೆಸ್ಟ್‌ಗಳಿಗೆ ಎಲ್ಲ ಸಿದ್ಧವಾಗಿರುತ್ತದೆ.

ಎಡವುವುದು ಇಲ್ಲಿ: ಗ್ಲೋಬಲ್ ಲಿಸ್ಟ್‌ಗೆ ಒಬ್ಬ ಬಳಕೆದಾರರ ಡೇಟಾ ಸೇರಿಸಿದರೆ ಮುಂದಿನವರ ರಿಕ್ವೆಸ್ಟ್‌ನಲ್ಲೂ ಅದು ಉಳಿದಿರುತ್ತದೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ನೊಂದು, ರಿಕ್ವೆಸ್ಟ್ ಇಲ್ಲದಾಗ ಕಂಟೇನರ್ ಫ್ರೀಜ್ ಆಗಿರುತ್ತದೆ. ಅಷ್ಟರಲ್ಲಿ ಡೇಟಾಬೇಸ್ ಆ ಕಡೆಯಿಂದ ಕನೆಕ್ಷನ್ ಮುಚ್ಚಿರಬಹುದು. ಎರರ್ ಬಂದರೆ ಒಮ್ಮೆ ಮತ್ತೆ ಕನೆಕ್ಟ್ ಮಾಡುವ ಕೋಡ್ ಬೇಕೇ ಬೇಕು.

5 ನಿಮಿಷಕ್ಕೊಂದು ಪಿಂಗ್ ಕಳಿಸಿದರೆ ಬೆಚ್ಚಗಿರುವುದು ಒಂದೇ ಕಂಟೇನರ್. ಒಟ್ಟಿಗೆ 10 ರಿಕ್ವೆಸ್ಟ್ ಬಂದರೆ ಉಳಿದ 9ಕ್ಕೂ ಕೋಲ್ಡ್ ಸ್ಟಾರ್ಟೇ. ಅಂಥ ಕಡೆ ಬೇಕಾದಷ್ಟು ಕಂಟೇನರ್‌ಗಳನ್ನು ಮೊದಲೇ ಸಿದ್ಧವಾಗಿಡುವ ಪ್ರೊವಿಷನ್ಡ್ ಕನ್‌ಕರೆನ್ಸಿ ಹಾಕಿ. ಲಾಗಿನ ರಿಪೋರ್ಟ್ ಸಾಲಿನಲ್ಲಿ ‘ಇನಿಟ್ ಡ್ಯುರೇಷನ್’ ಕಂಡರೆ ಆ ಸಲ ಹೊಸ ಕಂಟೇನರ್ ಎದ್ದಿದೆ ಎಂದರ್ಥ.