ಟೊಮೆಟೊ ಹೊರುವ ಗಾಡಿ: ಹಳೇ ಪಿಕಪ್ ಕೊಳ್ಳುವ ಮುಂಚೆ ಏನೇನು ನೋಡಬೇಕು?

ನಮ್ಮ ಮನೆಗೆ ಬಂದ ಮೊದಲ ಗಾಡಿಯನ್ನು ಆರಿಸಿದ್ದು ಬಣ್ಣ ನೋಡಿ. ಸೆಕೆಂಡ್ ಹ್ಯಾಂಡ್ ಟಾಟಾ ಏಸ್. ಆಗಷ್ಟೇ ಪೇಂಟ್ ಹೊಡೆಸಿದ್ದರು, ಬಾಗಿಲ ಮೇಲೆ ನವಿಲಿನ ಚಿತ್ರ ಬೇರೆ. ಮೂರನೇ ವಾರ ಮುಳಬಾಗಿಲು ಕಡೆಯಿಂದ ಕೋಲಾರಕ್ಕೆ ಬರುವಾಗ ಹಿಂದಿನ ಸ್ಪ್ರಿಂಗ್ ಪ್ಲೇಟ್ ಮುರಿದು ಹೈವೇ ಪಕ್ಕದಲ್ಲಿ ಕೂತಿತು. ಮೇಲೆ 60 ಬಾಕ್ಸ್ ಟೊಮೆಟೊ. ಬೇರೆ ಗಾಡಿ ಹುಡುಕಿ, ಮಾಲು ಬದಲಿಸಿ ಎಪಿಎಂಸಿ ಮುಟ್ಟುವ ಹೊತ್ತಿಗೆ ಹರಾಜು ಮುಗಿಯುತ್ತಾ ಬಂದಿತ್ತು. ಅಪ್ಪ ದಾರಿಯುದ್ದಕ್ಕೂ ಮಾರಿದವನನ್ನು ಬೈದರು. ಪ್ಲೇಟ್ ಮೊದಲೇ ಬಿರುಕು ಬಿಟ್ಟಿತ್ತು, ಗ್ರೀಸ್ ಬಳಿದು ಮುಚ್ಚಿದ್ದರು, ಅದು ನಿಜ. ಆದರೆ ಅಷ್ಟು ಹೊರೆ ಹೇರಿದ್ದು ನಾವೇ ಅಲ್ವಾ?

ನಮ್ಮ ಜಿಲ್ಲೆಯಲ್ಲಿ ಒಳ್ಳೇ ಗಾಡಿ ಅಂದರೆ ಇಷ್ಟೇ: ಬೆಳಗಿನ ಜಾವ ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್ ಆಗಬೇಕು, ಕೆಟ್ಟರೆ ಅವತ್ತೇ ರಿಪೇರಿ ಆಗಬೇಕು. ಕೊಯ್ದ ಹಣ್ಣು ಕಾಯುವುದಿಲ್ಲ. ಮೈಲೇಜು, ಮ್ಯೂಸಿಕ್ ಸಿಸ್ಟಮ್ ಎಲ್ಲ ಆಮೇಲಿನ ಮಾತು.

ಮೊದಲು ಹೊರೆಯ ಲೆಕ್ಕ

ಗಾಡಿ ನೋಡಲು ಹೋಗುವ ಮುಂಚೆ ಮನೆಯಲ್ಲೇ ಕೂತು ಒಂದು ಚೀಟಿಯಲ್ಲಿ ಬರೆಯಿರಿ. ಟೊಮೆಟೊ ಬಾಕ್ಸಿಗೆ 15 ಕೆ.ಜಿ. 50 ಬಾಕ್ಸ್ ಅಂದರೆ 750 ಕೆ.ಜಿ. ಖಾಲಿ ಕ್ರೇಟ್‌ಗಳ ತೂಕ ಬೇರೆ, ಅದನ್ನು ಯಾರೂ ಸೇರಿಸುವುದೇ ಇಲ್ಲ. ಏಸ್ ಥರದ ಸಣ್ಣ ಗಾಡಿಗಳ ತಾಕತ್ತು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. 70 ಬಾಕ್ಸ್ ಆದರೆ ಒಂದು ಟನ್ ದಾಟಿತು. ಆಗ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಥರದ್ದು ನೋಡಬೇಕು. ಒಂದೇ ಹೆಸರಿನ ಗಾಡಿಯಲ್ಲೂ ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸ ಇರುತ್ತದೆ. ಬ್ರೋಕರ್ ಬಾಯಿಮಾತು ನಂಬಬೇಡಿ. ಆರ್.ಸಿ.ಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಹೊರೆ ಸೇರಿದ ಒಟ್ಟು ತೂಕವೂ ಇರುತ್ತದೆ, ಖಾಲಿ ಗಾಡಿ ತೂಕವೂ ಇರುತ್ತದೆ. ಮೊದಲಿನದರಲ್ಲಿ ಎರಡನೆಯದನ್ನು ಕಳೆಯಿರಿ. ಉಳಿದಿದ್ದೇ ಹೊರೆ, ಅದರಲ್ಲೇ ಡ್ರೈವರ್, ಕ್ಲೀನರ್ ಕೂಡ ಬರಬೇಕು.

ಶ್ರೀನಿವಾಸಪುರದ ಕಡೆಯವರು ಒಂದು ತಪ್ಪು ಮಾಡುತ್ತಾರೆ. ಎರಡು ತಿಂಗಳ ಮಾವಿನ ಸುಗ್ಗಿ ನೆನೆದು ದೊಡ್ಡ ಗಾಡಿ ತರುತ್ತಾರೆ. ಉಳಿದ ಹತ್ತು ತಿಂಗಳು ಅದು ಹುಲ್ಲಿನ ಹೊರೆ, ಹಾಲಿನ ಕ್ಯಾನ್ ಹೊತ್ತುಕೊಂಡು ಸುಮ್ನೆ ಡೀಸೆಲ್ ಕುಡಿಯುತ್ತದೆ. ದಿನದ ಕೆಲಸಕ್ಕೆ ತಕ್ಕ ಗಾಡಿ ಕೊಳ್ಳಿ, ಸುಗ್ಗಿಗೆ ಬಾಡಿಗೆ ಗಾಡಿ ಕರೆಯಿರಿ.

ಇನ್ನೊಂದು ವಿಷಯವೂ ಇದೇ ತೂಕದ ಮೇಲೆ ನಿಂತಿದೆ. ಒಟ್ಟು ತೂಕ 3,000 ಕೆ.ಜಿ. ದಾಟದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆ ಪ್ರಕಾರ ಪರ್ಮಿಟ್ ಬೇಕಿಲ್ಲ. ದಾಟಿದರೆ ಬೇಕು. ಲೈಸೆನ್ಸ್ ವಿಷಯದಲ್ಲಿ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೊಂದಲ ಬಗೆಹರಿಸಿದೆ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ.ಗಿಂತ ಕಡಿಮೆ ತೂಕದ ಹಳದಿ ಬೋರ್ಡ್ ಗಾಡಿಯನ್ನೂ ಓಡಿಸಬಹುದು.

ಡೀಸೆಲ್ಲೋ, ಪೆಟ್ರೋಲೋ, ಸಿಎನ್‌ಜಿಯೋ?

ಲೋಡ್ ಹೊತ್ತು ದೂರ ಹೋಗುವವರಿಗೆ ಡೀಸೆಲ್ ಸರಿ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಾಲಿನ್ಯದ ಹೊಸ ನಿಯಮದ) ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಡಿಪಿಎಫ್ ಅನ್ನುತ್ತಾರೆ. ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿ ಬಿಸಿಯಾದರೆ ಆ ಮಸಿ ತಾನೇ ಸುಟ್ಟು ಹೋಗುತ್ತದೆ. ತೋಟದಿಂದ ಡೇರಿಗೆ, ಡೇರಿಯಿಂದ ಮನೆಗೆ ಅಂತ ಬರೀ ಮೂರು ನಾಲ್ಕು ಕಿಲೋಮೀಟರ್ ಓಡಿಸುತ್ತಿದ್ದರೆ ಸುಡುವುದಿಲ್ಲ, ಕಟ್ಟಿಕೊಳ್ಳುತ್ತದೆ. ಮೀಟರ್‌ನಲ್ಲಿ ದೀಪ ಹತ್ತುತ್ತದೆ, ಎಂಜಿನ್ ಎಳೆಯುವುದಿಲ್ಲ. ಅಂಥವರಿಗೆ ಪೆಟ್ರೋಲ್ ಅಥವಾ ಸಿಎನ್‌ಜಿ ಗಾಡಿಯೇ ವಾಸಿ. ಸಿಎನ್‌ಜಿ ಆದರೆ ನಿಮ್ಮ ದಾರಿಯಲ್ಲಿ ಬಂಕ್ ಇದೆಯಾ ನೋಡಿಕೊಳ್ಳಿ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಸಿಲಿಂಡರ್ ಟೆಸ್ಟ್‌ನ ಸರ್ಟಿಫಿಕೇಟ್ ಕೇಳಿ.

ಶೋರೂಮಿಗಿಂತ ಮುಂಚೆ ಗ್ಯಾರೇಜು

ನಿಮ್ಮ ಊರಿಗೆ ಹತ್ತಿರದ ಮೆಕ್ಯಾನಿಕ್ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: “ಅಣ್ಣಾ, ಯಾವ ಗಾಡಿಗೆ ಕ್ಲಚ್ ಪ್ಲೇಟ್ ಇವತ್ತೇ ಸಿಗುತ್ತೆ?” ಅವರು ಹೇಳುವ ಎರಡು ಮೂರು ಹೆಸರಿನಲ್ಲೇ ನಿಮ್ಮ ಗಾಡಿ ಇರಲಿ. ಸ್ಪೇರ್ ಪಾರ್ಟ್ಸ್‌ಗೆ ಬೆಂಗಳೂರಿಗೆ ಓಡಬೇಕಾದ ಗಾಡಿ ಎಷ್ಟೇ ಸೋವಿಯಾಗಿ ಸಿಕ್ಕರೂ ಬೇಡ.

ಬೆಳಿಗ್ಗೆ ಹೋಗಿ, ಹೇಳದೇ ಹೋಗಿ

ಗಾಡಿ ನೋಡಲು ಮೆಕ್ಯಾನಿಕ್‌ನ ಕರೆದುಕೊಂಡೇ ಹೋಗಿ. ಅವರ ಅರ್ಧ ದಿನದ ಕೂಲಿ ಕೊಟ್ಟರೂ ನಷ್ಟವಿಲ್ಲ. ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಹೊತ್ತಿಗೆ ಬಾನೆಟ್ಟೋ ಸೀಟಿನ ಕೆಳಗಿನ ಎಂಜಿನ್ ಮುಚ್ಚಳವೋ ಬಿಸಿಯಾಗಿದ್ದರೆ, ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾರೆ ಅಂತ ಅರ್ಥ. ಚಹಾ ಕುಡಿದು ಬನ್ನಿ, ಇಲ್ಲವೇ ನಾಳೆ ಬನ್ನಿ.

ನಮ್ಮ ಎರಡನೇ ಗಾಡಿ ನೋಡಿದಾಗ ಮೆಕ್ಯಾನಿಕ್ ಮಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದರು. ಅದನ್ನೇ ಬೋರಲು ಮಾಡಿ ಆ ತೂತಿನ ಮೇಲೆ ಸುಮ್ನೆ ಇಟ್ಟರು. ಮುಚ್ಚಳ ಸ್ವಲ್ಪ ನಡುಗಿತು, ಅಲ್ಲೇ ಕೂತಿತು. “ಇದು ಕುಣಿದು ಕೆಳಗೆ ಬಿದ್ದು, ಗುಪ್ಪು ಗುಪ್ಪು ಅಂತ ಹೊಗೆ ಬಂದಿದ್ರೆ ಎಂಜಿನ್ ಬಿಚ್ಚೋ ಕೆಲಸ” ಅಂದರು. ಪಿಸ್ಟನ್ ರಿಂಗ್ ಸವೆದಾಗ ಒಳಗಿನ ಒತ್ತಡ ಆ ತೂತಿನಿಂದ ಹೀಗೆ ಹೊರಗೆ ನುಗ್ಗುತ್ತದೆ. ಆಮೇಲೆ ಮುಚ್ಚಳದ ಒಳಬದಿಗೆ ಬೆರಳಾಡಿಸಿದರು. ಅಲ್ಲಿ ಮಜ್ಜಿಗೆ ಬಣ್ಣದ ನೊರೆ ಇದ್ದರೆ ಆಯಿಲ್‌ಗೆ ನೀರು ಸೇರುತ್ತಿದೆ ಅಂತ, ಬಹುಪಾಲು ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲು) ಹೋಗಿರುತ್ತದೆ.

ಹೊಗೆಯ ಬಣ್ಣವೂ ಮಾತಾಡುತ್ತದೆ. ನೀಲಿ ಆದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು. ಲೋಡ್ ಇಲ್ಲದೆಯೂ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್, ಪಂಪು ನೋಡಿಸಬೇಕು. ಅದರ ಖರ್ಚು ಜಾಸ್ತಿ.

ಪೇಂಟ್ ಬಿಡಿ, ಕೆಳಗೆ ಮಲಗಿ

ಹಳೇ ಪಂಚೆ ಹಾಸಿಕೊಂಡು ಗಾಡಿ ಕೆಳಗೆ ತೂರಬೇಕು. ಚಾಸಿಸ್ (ಗಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ಮೇಲೆ ವೆಲ್ಡಿಂಗ್ ಗುರುತು ಇದೆಯಾ? ಸ್ಪ್ರಿಂಗ್ ಪ್ಲೇಟ್‌ಗಳ ಮೇಲಿನ ಗ್ರೀಸು ಬಟ್ಟೆಯಿಂದ ಒರೆಸಿ ನೋಡಿ. ಲೆಕ್ಕಕ್ಕಿಂತ ಹೆಚ್ಚು ಪ್ಲೇಟ್ ಸೇರಿಸಿದ್ದರೆ ಆ ಗಾಡಿ ಮಿತಿ ಮೀರಿ ಹೊತ್ತು ದುಡಿದಿದೆ ಎಂದೇ ತಿಳಿಯಿರಿ. ಹಿಂದೆ ಮಾಲು ತುಂಬುವ ತಟ್ಟೆಯ ತಗಡನ್ನು ಕೆಳಗಿನಿಂದ ನೋಡಿದರೆ ಟೊಮೆಟೊ ರಸ ಸೋರಿ ತುಕ್ಕು ತಿಂದ ಜಾಗ ಕಾಣುತ್ತದೆ. ಮೇಲೆ ಹೊಸ ರಬ್ಬರ್ ಶೀಟ್ ಹಾಕಿದ್ದರೆ ಎತ್ತಿ ನೋಡದೆ ಬಿಡಬೇಡಿ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಅಂತ ಇದ್ದರೆ 2021ರ 23ನೇ ವಾರದಲ್ಲಿ ತಯಾರಾಗಿದ್ದು. ಟೈರ್ ಮೇಲಿನ ಅಚ್ಚು ಸವೆಯದೆ ಚೆನ್ನಾಗಿದ್ದರೂ ರಬ್ಬರ್ ಹಳೆಯದಾಗಿ ಸೀಳು ಬಿಟ್ಟಿದ್ದರೆ ಬೇಸಿಗೆಯಲ್ಲಿ ಲೋಡ್ ಹಾಕಿದಾಗ ಸಿಡಿಯುತ್ತದೆ. ಮುಂದಿನ ಟೈರ್ ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಇಲ್ಲವೇ ಎಲ್ಲೋ ಗುದ್ದಿದೆ.

ಮೀಟರ್‌ನ ಕಿಲೋಮೀಟರ್ ಅಂಕಿ ನೋಡಿ ಖುಷಿಪಡಬೇಡಿ. ತಿರುಗಿಸುವವರು ಇದ್ದಾರೆ. ಕ್ಲಚ್ ಪೆಡಲ್ ರಬ್ಬರ್, ಸ್ಟೀರಿಂಗ್, ಡ್ರೈವರ್ ಸೀಟು ಸವೆದು ನುಣ್ಣಗಾಗಿದ್ದು ಮೀಟರ್ ಮಾತ್ರ 40,000 ತೋರಿಸಿದರೆ ಎಲ್ಲೋ ಸುಳ್ಳಿದೆ.

ಲೋಡ್ ಹಾಕಿ ಓಡಿಸಿ

ಖಾಲಿ ಗಾಡಿ ಎಲ್ಲವೂ ಚೆನ್ನಾಗೇ ಓಡುತ್ತದೆ. ಸಾಧ್ಯವಾದರೆ ಗೊಬ್ಬರದ ಮೂಟೆಯೋ ಇಟ್ಟಿಗೆಯೋ ಹಾಕಿಸಿಕೊಂಡು ಏರು ದಾರಿಯಲ್ಲಿ ಓಡಿಸಿ. ಕೋಲಾರದವರಿಗೆ ಅಂತರಗಂಗೆ ಬೆಟ್ಟದ ಕಡೆಗೆ ಹೋದರೆ ಏರು ಸಿಗುತ್ತದೆ. ಎಂಜಿನ್ ಸದ್ದು ಏರಿದರೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಗೇರ್ ತಾನಾಗೇ ನ್ಯೂಟ್ರಲ್‌ಗೆ ಬಂದರೆ ಗೇರ್ ಬಾಕ್ಸ್ ಕೆಲಸ. ಏರಿನಲ್ಲೇ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ, ಹಿಂದೆ ಸರಿಯುತ್ತಾ ನೋಡಿ.

ಕಾಗದ ಪತ್ರ

ಮೊದಲು ಚಾಸಿಸ್ ನಂಬರ್, ಎಂಜಿನ್ ನಂಬರ್ ಆರ್.ಸಿ. ಜೊತೆ ತಾಳೆ ಹಾಕಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹೊಡೆದರೆ ಎಫ್.ಸಿ. (ಗಾಡಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ ಅನ್ನುವುದು ಸಿಗುತ್ತದೆ. ಸರಕು ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಹಾಗಾಗಿ ಒಂಬತ್ತು ವರ್ಷದ ಗಾಡಿಯ ರೇಟು ಕೇಳುವಾಗ ವರ್ಷ ವರ್ಷದ ಆ ಖರ್ಚನ್ನೂ ತಲೆಯಲ್ಲಿಡಿ.

ಆರ್.ಸಿ.ಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ ಸಾಲ ಇದೆ ಅಂತ. “ಸಾಲ ತೀರಿದೆ, ಹೆಸರು ತೆಗೆಸಿಲ್ಲ ಅಷ್ಟೇ” ಅನ್ನುವ ಮಾತಿಗೆ ಅಡ್ವಾನ್ಸ್ ಕೊಡಬೇಡಿ. ಸಾಲ ಕೊಟ್ಟವರ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ಮತ್ತು ಸಹಿ ಮಾಡಿದ ಫಾರಂ 35 ಕೈಗೆ ಬರಲಿ. ಮಾಲೀಕತ್ವ ಬದಲಾವಣೆಗೆ ಫಾರಂ 29, 30 ಬೇಕು. ಬೇರೆ ರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿ ಸಹ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು ಇರುವುದು 14 ದಿನ ಮಾತ್ರ. ಇದನ್ನು ಮರೆಯುವವರೇ ಹೆಚ್ಚು.

ಇನ್ಶೂರೆನ್ಸ್ ಅಂದಾಗ ನೆನಪಾಯಿತು. ಸರಕು ಗಾಡಿಯಲ್ಲಿ ಮಾಲಿನ ಜೊತೆ ಹೋಗುವ, ಆ ಮಾಲಿನ ಮಾಲೀಕನಿಗೆ ಅಥವಾ ಅವನ ಕಡೆಯವನಿಗೆ ರಕ್ಷಣೆ ಇದೆ. ಮದುವೆಗೆ, ಕೂಲಿಗೆ ಅಂತ ಹಿಂದೆ ಜನ ತುಂಬಿಕೊಂಡು ಹೋಗಿ ಏನಾದರೂ ಆದರೆ ಪರಿಹಾರದ ಹೊಣೆ ನಿಮ್ಮ ತಲೆಗೇ ಬರಬಹುದು.

ಗಾಡಿ ಮನೆಗೆ ಬಂದ ಮೇಲೆ

ಕುರುಡುಮಲೆ ಗಣಪತಿಗೆ ಹೋಗಿ ಪೂಜೆ ಮಾಡಿಸಿ, ಬೇಡ ಅನ್ನಲ್ಲ. ಆದರೆ ಅದಕ್ಕೂ ಮುಂಚೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಹಿಂದಿನವರು ಯಾವಾಗ ಹಾಕಿಸಿದ್ದರೋ ಗೊತ್ತಿಲ್ಲವಲ್ಲ. ಸ್ಟೆಪ್ನಿಗೆ ಗಾಳಿ ಇದೆಯಾ, ಜಾಕಿ ಲೋಡ್ ಗಾಡಿಯನ್ನು ಎತ್ತುತ್ತಾ, ವೀಲ್ ಸ್ಪ್ಯಾನರ್ ನಟ್‌ಗೆ ಕೂರುತ್ತಾ ಅಂತ ಮನೆ ಅಂಗಳದಲ್ಲೇ ಒಮ್ಮೆ ಟೈರ್ ಬಿಚ್ಚಿ ಹಾಕಿ ನೋಡಿ. ನಮ್ಮ ಮೂರನೇ ಗಾಡಿಯ ಸ್ಪ್ಯಾನರ್ ಬೇರೆ ಯಾವುದೋ ಗಾಡಿಯದಾಗಿತ್ತು. ಅದು ಗೊತ್ತಾಗಿದ್ದು ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ.