ಲಿಫ್ಟಲ್ಲಿ ಇಳಿದು ಬತೂರ್ ಹತ್ತಿದ ಕಥೆ

ನಮ್ಮ ಅಪಾರ್ಟ್‌ಮೆಂಟಿಗೆ ಒಂಬತ್ತು ಮಹಡಿ. ಬಾಲಿಗೆ ಟಿಕೆಟ್ ಬುಕ್ ಆದ ಮಾರನೇ ದಿನದಿಂದ ಎರಡೂವರೆ ತಿಂಗಳು, ಬೆಳಿಗ್ಗೆ ಹಾಲು ತಂದ ಮೇಲೆ ಮೆಟ್ಟಿಲು ಹತ್ತೋದೇ ನನ್ನ ವ್ಯಾಯಾಮ. ಮೊದಲ ವಾರ ದಿನಕ್ಕೆ ಒಂದೇ ಸಲ, ಆಮೇಲೆ ಮೂರು, ಕೊನೆಕೊನೆಗೆ ಐದು. ಮೇಲೆ ಮುಟ್ಟಿದ ಕೂಡಲೇ ಲಿಫ್ಟಲ್ಲಿ ಕೆಳಗಿಳಿದು ಮತ್ತೆ ಶುರು. ಮೆಟ್ಟಿಲು ಇಳಿದರೆ ಮಂಡಿ ಸವೆಯುತ್ತೆ ಅಂತ ವಾಕಿಂಗ್‌ನಲ್ಲಿ ಯಾರೋ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ಐವತ್ಮೂರು ವರ್ಷದ ಮಂಡಿ, ಜೋಪಾನ ಮಾಡಬೇಕಲ್ಲ! ಆ ಜಾಣತನಕ್ಕೆ ದಂಡ ಕಟ್ಟಿದ್ದು ಬಾಲಿಯಲ್ಲಿ.

ಹೊರಡಿಸಿದವಳು ತಂಗಿ ಮಗಳು. "ದೊಡ್ಡಮ್ಮ, ಬೀಚಲ್ಲಿ ಕೂತು ನೀವೇನು ಮಾಡ್ತೀರ? ಬತೂರ್ ಹತ್ತಿ ಸೂರ್ಯೋದಯ ನೋಡೋಣ ಬನ್ನಿ" ಅಂದಳು. ಬತೂರ್ ಅಂದರೆ ಬಾಲಿಯ ಒಂದು ಜ್ವಾಲಾಮುಖಿ ಬೆಟ್ಟ. ಎತ್ತರ ಎಷ್ಟು ಅಂತ ನೋಡಿದೆ: 1,717 ಮೀಟರ್. ಎದೆ ಧಸಕ್ಕಂತು. ಹನ್ನೊಂದು ವರ್ಷದ ಹಿಂದೆ ಆಫೀಸಿನವರ ಜೊತೆ ಕುಮಾರಪರ್ವತ ಹತ್ತಿ ಮೂರು ದಿನ ಮಲಗಿದ್ದವಳು ನಾನು, ಅದರ ಎತ್ತರ 1,712. ಆಮೇಲೆ ಸಮಾಧಾನವಾಗಿ ಕೂತು ಲೆಕ್ಕ ಹಾಕಿದಾಗ ವಿಷಯ ಬೇರೆ ಅಂತ ತಿಳೀತು. ಕುಕ್ಕೆಯಿಂದ ಹೊರಟರೆ ಹತ್ತಿರ ಹತ್ತಿರ ಸಮುದ್ರಮಟ್ಟದಿಂದಲೇ ಹತ್ತಿದ ಹಾಗೆ. ಬತೂರ್‌ಗೆ ಹೊರಡುವ ತೋಯ ಬುಂಕಾ ಹಳ್ಳಿಯೇ ಸಾವಿರ ಮೀಟರ್ ಆಸುಪಾಸಿನಲ್ಲಿದೆ, ನಮ್ಮ ಬೆಂಗಳೂರಿಗಿಂತ ತುಸು ಮೇಲೆ. ಉಳಿಯೋದು ಏಳುನೂರು ಮೀಟರ್‌ಗೂ ಕಮ್ಮಿ. ನಮ್ಮ ಒಂಬತ್ತು ಮಹಡಿಯನ್ನು ಇಪ್ಪತ್ತೈದು ಸಲ ಹತ್ತಿದರೆ ಆಯ್ತು. ಬೆಟ್ಟದ ತುದಿ ಎಷ್ಟು ಎತ್ತರ ಅಂತ ಮಾತ್ರ ನೋಡಿ ಹೆದರಬೇಡಿ, ಕಾಲು ಎಲ್ಲಿಂದ ಶುರು ಮಾಡುತ್ತೆ ಅಂತಲೂ ನೋಡಿ.

ಹೋಗಿದ್ದು ಜುಲೈ ಮಧ್ಯದಲ್ಲಿ. ಇಲ್ಲಿ ಆಷಾಢದ ಗಾಳಿ, ತುಂತುರು. ಅಲ್ಲಿ ಒಣ ಹವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆ ಕಡೆ ಮಳೆ ಕಮ್ಮಿ. ಬೆಂಗಳೂರಿಂದ ಬಾಲಿಯ ಡೆನ್‌ಪಸಾರ್‌ಗೆ ಈಗ ನೇರ ವಿಮಾನ ಇದೆ. ಇಳಿದ ಮೇಲೆ ವೀಸಾಗೆ 5 ಲಕ್ಷ ರುಪಿಯಾ. ಲಕ್ಷ ಅಂದ ಕೂಡಲೇ ನಮ್ಮ ಮನೆಯವರು ಫೋನಲ್ಲೇ ಹೌಹಾರಿದರು, ನಮ್ಮ ದುಡ್ಡಲ್ಲಿ ಎರಡೂವರೆ ಸಾವಿರದ ಚಿಲ್ಲರೆ ಅಷ್ಟೆ. ಅದಲ್ಲದೆ ಬಾಲಿಗೆ ಬರುವ ವಿದೇಶಿಯರೆಲ್ಲ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ಶುಲ್ಕ ಕಟ್ಟಬೇಕು, 2024ರಿಂದ.

ಗೈಡ್ ಇಲ್ಲದೆ ಬತೂರ್ ಹತ್ತುವ ಮಾತಿಲ್ಲ, ಊರಿನವರೇ ಕರೆದುಕೊಂಡು ಹೋಗಬೇಕು. ನಾವಿದ್ದ ಹೋಟೆಲಿನ ಕೌಂಟರಿನವನು ಮೊದಲು ತೋರಿಸಿದ್ದು ಅಗ್ಗದ್ದು. ಎಷ್ಟು ಜನ ಅಂತ ಕೇಳಿದರೆ ನಗುತ್ತಾ "ಮೆನಿ ಫ್ರೆಂಡ್ಸ್" ಅಂದ. ಇಪ್ಪತ್ತು ಜನರ ಗುಂಪಲ್ಲಿ ಮುಂದೆ ಓಡುವ ಹುಡುಗರು, ಹಿಂದೆ ಏದುಸಿರು ಬಿಡೋ ನಾನು. ನಾನು ಮುಟ್ಟುವ ಹೊತ್ತಿಗೆ ಅವರ ವಿಶ್ರಾಂತಿ ಮುಗಿದು ಎದ್ದಿರುತ್ತಾರೆ, ನನಗೆ ಕೂರೋಕೇ ಸಿಗೋದಿಲ್ಲ. ಇದು ಕುಮಾರಪರ್ವತದ ಪಾಠ. ಆರೇ ಜನರ ಗುಂಪಿಗೆ ಇನ್ನಷ್ಟು ದುಡ್ಡು ಕೊಟ್ಟೆವು. ದುಡ್ಡು ಕೊಡುವ ಮುಂಚೆ ಕೇಳಿದ್ದು ಮೂರೇ: ಒಬ್ಬ ಗೈಡ್‌ಗೆ ಎಷ್ಟು ಜನ, ನಡುವೆ ಯಾರಾದರೂ ಸೋತರೆ ಅವರ ಜೊತೆ ಯಾರು ಉಳೀತಾರೆ, ಹೋದ ದಾರಿಯಲ್ಲೇ ಇಳಿಸ್ತೀರಾ ಬೇರೆ ದಾರಿಯಲ್ಲೋ. ಮೂರನೆಯದಕ್ಕೆ ಬಂದ "ಬೇರೆ ದಾರಿ, ಚೆನ್ನಾಗಿದೆ" ಅನ್ನೋ ಉತ್ತರವನ್ನ ನಾನು ಇನ್ನೂ ಸ್ವಲ್ಪ ಕೆದಕಬೇಕಿತ್ತು.

ಊರಲ್ಲಿ ತಯಾರಿ ಇನ್ನೂ ಒಂದಿಷ್ಟು ಆಗಿತ್ತು. ಭಾನುವಾರ ಲಾಲ್‌ಬಾಗ್ ಬಂಡೆ. ಎರಡು ಸಲ ನಂದಿಬೆಟ್ಟ, ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲಿಂದ. ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು, ಕಲ್ಲು ಚಪ್ಪಡಿ ಕೆಲವು ಕಡೆ ಮೊಣಕಾಲೆತ್ತರ. ನಮ್ಮ ಮನೆಯವರು ಕಾರಲ್ಲಿ ಸುತ್ತು ಹಾಕಿಕೊಂಡು ಮೇಲೆ ಬಂದು ಕಾಯ್ತಿದ್ದರು, ಕಾಫಿ ಕುಡಿದು ಕಾರಲ್ಲೇ ಕೆಳಗೆ. ನೋಡಿ, ಅಲ್ಲೂ ಇಳಿದಿದ್ದು ನಾನಲ್ಲ, ಕಾರು.

ಇನ್ನು ಶೂ. ಕುಮಾರಪರ್ವತಕ್ಕೆ ಅಂತ ಕೊಂಡಿದ್ದು ಅಟ್ಟದ ಮೇಲೆ ಡಬ್ಬದಲ್ಲೇ ಇತ್ತು. ಎರಡೇ ಸಲ ಹಾಕಿದ್ದು, ಅಟ್ಟೆ ಸವೆದಿಲ್ಲ, ಲೇಸ್ ಕೂಡ ಹೊಸದರ ಹಾಗೆ. ಒರೆಸಿ, ಬಿಸಿಲಿಗೆ ಇಟ್ಟು, ಸೂಟ್‌ಕೇಸಿಗೆ ಹಾಕಿದೆ. ಅಭ್ಯಾಸವೆಲ್ಲ ದಿನದ ವಾಕಿಂಗ್ ಶೂನಲ್ಲೇ ನಡೆದಿತ್ತು, ಇದು ಒಳ್ಳೇದು, ಸುಮ್ಮನೆ ಸವೆಯೋದು ಬೇಡ ಅಂತ.

ನಾವು ಉಳಿದಿದ್ದ ಉಬುದ್ ಊರಿನಿಂದ ಗಾಡಿ ಹೊರಟಿದ್ದು ರಾತ್ರಿ ಎರಡಕ್ಕೆ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಅಂದರೆ ನನ್ನ ಮೈಗೆ ಆಗಿನ್ನೂ ಹನ್ನೊಂದೂವರೆ, ಊಟ ಮುಗಿಸಿ ಪಾತ್ರೆ ಜೋಡಿಸಿ ಮಲಗೋ ಹೊತ್ತು. ಹೋದ ಮಾರನೇ ದಿನವೇ ಬೆಟ್ಟ ಇಟ್ಟುಕೊಳ್ಳದೆ ನಾಲ್ಕನೇ ದಿನಕ್ಕೆ ಇಟ್ಟುಕೊಂಡಿದ್ದು ನನ್ನ ಕೆಲವೇ ಸರಿಯಾದ ನಿರ್ಧಾರಗಳಲ್ಲೊಂದು.

ಗೈಡ್ ಇಪ್ಪತ್ತೈದರ ಹುಡುಗ. ಮನೆಗೆ ಮೂರನೆಯವನು ಅಂತ ಹೆಸರಿನಿಂದಲೇ ಗೊತ್ತಾಯ್ತು; ಅಲ್ಲಿ ಹುಟ್ಟಿದ ಕ್ರಮಕ್ಕೊಂದು ಹೆಸರು. "ಓಂ ಸ್ವಸ್ತ್ಯಸ್ತು" ಅಂತ ಕೈ ಮುಗಿದ. ತೆಂಗಿನ ಗರಿಯಲ್ಲಿ ಹೆಣೆದ ಅಂಗೈಯಗಲದ ತಟ್ಟೆ, ಅದರಲ್ಲಿ ಹೂವು, ನಾಲ್ಕು ಅಗುಳು ಅನ್ನ, ಒಂದು ಊದುಬತ್ತಿ. ದಾರಿ ಶುರುವಾಗುವ ಕಡೆ ಇಟ್ಟು ನೀರು ಚಿಮುಕಿಸಿದ. ಆಮೇಲೆ ನಮ್ಮ ಆರೂ ಜನರ ಮುಖಕ್ಕೆ ಟಾರ್ಚ್ ಬಿಡದೆ ಕಾಲಿಗೆ ಬಿಟ್ಟು ನೋಡಿ, ನನ್ನ ಕೈ ಹಿಡಿದು ತನ್ನ ಬೆನ್ನ ಹಿಂದೆಯೇ ನಿಲ್ಲಿಸಿಕೊಂಡ. ನಿಧಾನದವರು ಮುಂದೆ, ಚುರುಕಿನವರು ಹಿಂದೆ. ಆಗ ಗುಂಪಿನ ನಡಿಗೆಯೇ ನನ್ನ ನಡಿಗೆ. ಮೊದಲು ಅವಮಾನ ಅನ್ನಿಸ್ತು, ಹತ್ತು ನಿಮಿಷ ಕಳೆಯೋ ಹೊತ್ತಿಗೆ ಅವನ ಬುದ್ಧಿಗೆ ಮೆಚ್ಚಿದೆ.

"ಪೆಲಾನ್ ಪೆಲಾನ್" ಅಂತಿದ್ದ, ಮೆಲ್ಲಗೆ ಮೆಲ್ಲಗೆ ಅಂತ. ಮೊದಲ ಅರ್ಧ ಗಂಟೆ ಟೊಮೆಟೊ, ಈರುಳ್ಳಿ ಹೊಲಗಳ ನಡುವೆ ಮಣ್ಣಿನ ದಾರಿ. ಆಮೇಲೆ ಏರು. ಕಲ್ಲು ಒರಟು, ಸಂದಿಸಂದಿಯಲ್ಲಿ ಕರಿ ಮರಳು. ಮೆಟ್ಟಿಲು ಹತ್ತಿದ್ದು ಸಾರ್ಥಕ ಆಯ್ತು, ಉಸಿರು ಕೈಕೊಡಲಿಲ್ಲ. ಮೂಗಲ್ಲಿ ಉಸಿರಾಡೋಕೆ ಆಗದಿದ್ದರೆ ನಿಲ್ಲೋದು, ಆಗೋ ತನಕ ಕಾಯೋದು, ಇಷ್ಟೇ ನಿಯಮ. ನಿಂತಾಗ ಹಿಂದೆ ತಿರುಗಿ ನೋಡಿದರೆ ಬೇರೆ ಗುಂಪುಗಳ ಟಾರ್ಚು ಸಾಲುಸಾಲು, ಕಾರ್ತಿಕದ ದೀಪದ ಹಾಗೆ. ಆಕಾಶದಲ್ಲಿ ಈಶಾನ್ಯದ ಕಡೆ ಕೃತ್ತಿಕೆಯ ಗೊಂಚಲು. ಬೆಂಗಳೂರಲ್ಲಿ ಅದನ್ನು ನೋಡಿ ಎಷ್ಟು ವರ್ಷ ಆಗಿತ್ತೋ!

ಐದೂ ಮುಕ್ಕಾಲಿಗೆ ತುದಿ. ಸೂರ್ಯ ಬರೋದು ಆರೂವರೆಗೆ. ಆ ಮುಕ್ಕಾಲು ಗಂಟೆಯ ಚಳಿಯ ಬಗ್ಗೆ ಯಾರೂ ಹೇಳೋದಿಲ್ಲ. ಹತ್ತುವಾಗ ಬೆವತು ಒದ್ದೆಯಾದ ಬಟ್ಟೆ ಮೈಗೆ ಅಂಟಿರುತ್ತೆ, ಮೇಲೆ ಗಾಳಿ. ನಾನು ಇನ್ನೊಂದು ಅಂಗಿ, ಸ್ವೆಟರ್, ಜೊತೆಗೆ ಮಂಕಿ ಟೋಪಿ ತಂದಿದ್ದೆ. ತಂಗಿ ಮಗಳು ಉಬುದ್‌ನಲ್ಲಿ "ಅಯ್ಯೋ ದೊಡ್ಡಮ್ಮ, ಮಾನ ತೆಗೀಬೇಡಿ" ಅಂದಿದ್ದವಳು, ಮೇಲೆ ಹದಿನೈದು ನಿಮಿಷ ನಡುಗಿ, ಅದನ್ನೇ ಕೇಳಿ ಇಸ್ಕೊಂಡು ಹಾಕ್ಕೊಂಡಳು. ಫೋಟೋದಲ್ಲಿದೆ.

ಗೈಡ್ ಒಂದು ಬಂಡೆಯ ಬಿರುಕಿನ ಹತ್ತಿರ ಕರೆದ. ಅದರಿಂದ ಹಬೆ ಬರ್ತಿತ್ತು. ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗ ಬರುತ್ತಲ್ಲ ಹಾಗೆ, ಒದ್ದೆ ಮಣ್ಣಿನ ವಾಸನೆ. ಕೈ ಒಡ್ಡಿದೆ. ಬೆರಳು ಮರಗಟ್ಟಿದ್ದು ಬಿಟ್ಟಿತು. ಅಂಥದೇ ಇನ್ನೊಂದು ಬಿರುಕಲ್ಲಿ ಮೊಟ್ಟೆ, ಬಾಳೆಹಣ್ಣು ಬೇಯೋಕೆ ಇಟ್ಟಿದ್ದರು. ಬೆಟ್ಟ ಇನ್ನೂ ಜೀವಂತ; 2000ನೇ ಇಸವಿಯಲ್ಲೂ ಉಗುಳಿತ್ತು. ಬೆಳಕು ಹರಿದ ಮೇಲೆ ಕೆಳಗೆ ಕಂಡದ್ದು ಹಳೇ ದೊಡ್ಡ ಜ್ವಾಲಾಮುಖಿ ಕುಸಿದು ಆದ ಬೋಗುಣಿ, ಹತ್ತಕ್ಕೆ ಹದಿಮೂರು ಕಿಲೋಮೀಟರ್‌ನಷ್ಟು ಅಗಲ. ಅದರೊಳಗೆ ಬಿದಿಗೆ ಚಂದ್ರನ ಆಕಾರದ ಕೆರೆ, ಬೋಗುಣಿಯ ನಡುವೆ ಎದ್ದ ಮೊಟಕು ಗುಡ್ಡ ನಾವು ನಿಂತಿದ್ದು. 1926ರಲ್ಲಿ ಲಾವಾ ಹರಿದು ಬತೂರ್ ಹಳ್ಳಿಯೇ ಹೂತುಹೋಯ್ತಂತೆ. ಉಳಿದ ಜನ ಬೋಗುಣಿಯ ಅಂಚಿಗೆ ಹೋಗಿ ಊರು ಕಟ್ಟಿಕೊಂಡು, ಕೆರೆಯ ದೇವಿ ದಾನುವಿನ ಗುಡಿಯನ್ನೂ ಅಲ್ಲಿಗೇ ಒಯ್ದರು. ಇವತ್ತು ಗದ್ದೆಗೆ ನೀರು ಹಂಚಿಕೊಳ್ಳುವ ರೈತ ಸಂಘಗಳು, ಅಂದರೆ ಸುಬಾಕ್‌ಗಳು, ನಡೆದುಕೊಳ್ಳೋದು ಆ ಗುಡಿಗೇ. ನಮ್ಮ ಲಾಲ್‌ಬಾಗ್ ಬಂಡೆಗೆ ಮುನ್ನೂರು ಕೋಟಿ ವರ್ಷ ಅಂತಾರೆ. ಅದರ ಮೇಲೆ ನಡೆದವಳಿಗೆ, ನಮ್ಮ ಗೈಡ್‌ನ ಮುತ್ತಜ್ಜನ ಕಾಲದ ಕಲ್ಲಿನ ಮೇಲೆ ನಿಲ್ಲೋದು ಒಂಥರಾ.

ಸೂರ್ಯ ಬಂದಿದ್ದು ಅಬಾಂಗ್ ಬೆಟ್ಟದ ಎಡಗಡೆಯಿಂದ. ದೂರದಲ್ಲಿ ಲೊಂಬೊಕ್ ದ್ವೀಪದ ರಿಂಜನಿಯ ತುದಿ ಮೋಡದ ಮೇಲೆ ತೇಲ್ತಿತ್ತು. "ಮತಹರಿ" ಅಂದ ಗೈಡ್. ಅವರ ಭಾಷೆಯಲ್ಲಿ ಸೂರ್ಯ. ಮತ ಅಂದರೆ ಕಣ್ಣು, ಹರಿ ಅಂದರೆ ದಿನ. ದಿನದ ಕಣ್ಣು. ನಾನು ಸುಮ್ಮನೆ ಕೂತು ನೋಡಿದೆ, ವರ್ಣನೆಗೆ ಹೋಗಲ್ಲ.

ತಿಂಡಿಗೆ ಅವರು ಕೊಟ್ಟಿದ್ದು ಬ್ರೆಡ್ಡು, ಬೆಂದ ಬಾಳೆಹಣ್ಣು, ಮೊಟ್ಟೆ. ನಾನು ಮೊಟ್ಟೆ ತಿನ್ನಲ್ಲ. ಅಂದಹಾಗೆ ಸಸ್ಯಾಹಾರಿಗಳಿಗೆ ಒಂದು ಮಾತು: ಅಲ್ಲಿ ಅನ್ನದ ಜೊತೆ ಕೊಡುವ ಸಾಂಬಲ್ ಚಟ್ನಿಯಲ್ಲಿ ಸಾಮಾನ್ಯವಾಗಿ ತೆರಾಸಿ ಇರುತ್ತೆ, ಸೀಗಡಿ ಅರೆದು ಮಾಡಿದ್ದು. ಕೇಳಿಯೇ ಹಾಕಿಸಿಕೊಳ್ಳಿ. ನಾನು ಕೋಡುಬಳೆ ಕಟ್ಟಿಕೊಂಡು ಹೋಗಿದ್ದೆ. ಡಬ್ಬಿ ಬಿಚ್ಚಿದ್ದೇ ತಡ, ಉದ್ದ ಬಾಲದ ಕೋತಿಯೊಂದು ಬಂದು ಒಂದು ಕೋಡುಬಳೆಯನ್ನ ಬಳೆ ಹಾಕ್ಕೊಳ್ಳೋ ಹಾಗೆ ಕೈಗೆ ಸಿಕ್ಕಿಸಿಕೊಂಡು ಹೋಯ್ತು. ನಂದಿಬೆಟ್ಟದ ಕೋತಿಗಳಿಗಿಂತ ನಾಜೂಕು.

ಏಳೂಕಾಲಿಗೆ ಇಳಿಯೋಕೆ ಹೊರಟೆವು, ಆ "ಚೆನ್ನಾಗಿರೋ ಬೇರೆ ದಾರಿ"ಯಲ್ಲಿ. ಬಾವಿಯ ಕಟ್ಟೆಯ ಮೇಲೆ ನಡೆದ ಹಾಗೆ ಜ್ವಾಲಾಮುಖಿಯ ಅಂಚಿನ ಮೇಲೆ ಸ್ವಲ್ಪ ದೂರ, ಆಮೇಲೆ ಸೀದಾ ಕೆಳಗೆ, ಕರಿ ಜಲ್ಲಿ. ಕಾಲಿಟ್ಟರೆ ಒಂದು ಹೆಜ್ಜೆಗೆ ಒಂದೂವರೆ ಹೆಜ್ಜೆ ಜಾರುತ್ತೆ. ರಾಗಿ ರಾಶಿ ಮೇಲೆ ನಡೆದ ಹಾಗೆ. ಹತ್ತು ನಿಮಿಷದಲ್ಲಿ ತೊಡೆ ಅದುರೋಕೆ ಶುರುವಾಯ್ತು. ಚಳಿಗಲ್ಲ, ನಿಲ್ಲಿಸಿದರೂ ತಾನೇ ಕುಣೀತಿತ್ತು. ಆಮೇಲೆ ಬಲಗಾಲಿನಲ್ಲಿ "ಚಟ್" ಅಂತ ಶಬ್ದ. ನೋಡಿದರೆ ಶೂನ ಅಟ್ಟೆ ಮುಂದಿನಿಂದ ಹಿಮ್ಮಡಿವರೆಗೆ ಬಾಯಿಬಿಟ್ಟು ನೇತಾಡ್ತಿದೆ. ಒಳಗಿನ ಮೆತ್ತೆ ಪುಡಿಪುಡಿ, ಹಳೇ ಬಿಸ್ಕೆಟ್ಟಿನ ಹಾಗೆ ಬೆರಳಿಗೆ ಉದುರ್ತಿತ್ತು.

ಹುಡುಗ ನಗಲಿಲ್ಲ, ಗಾಬರಿಯೂ ಆಗಲಿಲ್ಲ. ತಿಂಡಿ ಡಬ್ಬಕ್ಕೆ ಕಟ್ಟಿದ್ದ ನೀಲಿ ಪ್ಲಾಸ್ಟಿಕ್ ದಾರ ಬಿಚ್ಚಿ, ನನ್ನ ಕಾಲನ್ನ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ. ನನಗೆ ಸಂಕೋಚ, ಎಳ್ಕೊಂಡೆ, ಬಿಡಲಿಲ್ಲ. ಹೆಬ್ಬೆರಳ ಹತ್ತಿರ ಎರಡು ಸುತ್ತು, ಪಾದದ ಮೇಲೆ ಅಡ್ಡಡ್ಡ, ಹಿಮ್ಮಡಿಯ ಮುಂದೆ ಮತ್ತೆರಡು ಸುತ್ತು, ಗಂಟು ಪಕ್ಕಕ್ಕೆ. ಅಡಿಯಲ್ಲಿ ಗಂಟು ಬಂದರೆ ಸವೆದು ಬಿಚ್ಚಿಕೊಳ್ಳುತ್ತಂತೆ. ಆಮೇಲೆ ಎಡಗಾಲಿನ ಶೂ ಅನ್ನೂ ಕೇಳದೆಯೇ ಕಟ್ಟಿದ. ಅದು ಇನ್ನೂ ಬಿಟ್ಟಿರಲಿಲ್ಲ. ಅರ್ಧ ಗಂಟೆ ಬಿಟ್ಟು ಬಿಟ್ಟಿತು, ದಾರ ಹಿಡ್ಕೊಂಡಿತು.

ಊರಿಗೆ ಬಂದ ಮೇಲೆ ಶೂ ರಿಪೇರಿಯವನನ್ನು ಕೇಳಿದರೆ, ವಾರಕ್ಕೆರಡು ಇಂಥವು ಬರುತ್ತೆ ಮೇಡಂ ಅಂದ. ಅಟ್ಟೆಯೊಳಗಿನ ಪಾಲಿಯುರಿಥೇನ್ ಅನ್ನೋ ಮೆತ್ತೆ ಗಾಳಿಯ ತೇವಕ್ಕೇ ನಿಧಾನ ಕೊಳೆಯುತ್ತೆ. ಹಾಕದೆ ಇಟ್ಟರೂ ಅಷ್ಟೆ, ಡಬ್ಬದಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ. ಹೊಸದರ ಹಾಗೆ ಕಾಣೋ ಹಳೇ ಶೂ ಮೇಲೆ ನಂಬಿಕೆ ಇಡಬೇಡಿ. ಹೊರಡೋ ಮುಂಚೆ ಒಂದೆರಡು ತಾಸು ಹಾಕಿ ನಡೆದು ನೋಡಿ, ಬಿಡೋದಿದ್ದರೆ ಲಾಲ್‌ಬಾಗಲ್ಲೇ ಬಿಡಲಿ.

ತೊಡೆಯ ವಿಷಯಕ್ಕೆ ಬಂದರೆ, ಅವತ್ತು ರಾತ್ರಿ ಅಷ್ಟೇನಿಲ್ಲ. ಎರಡನೇ ದಿನ ಕಮೋಡಿನ ಮೇಲೆ ಕೂರೋಕೆ ಗೋಡೆ ಹಿಡೀಬೇಕಾಯ್ತು. ಬೆಂಗಳೂರಿನ ಏರ್‌ಪೋರ್ಟಲ್ಲಿ ವಿಮಾನದ ಮೆಟ್ಟಿಲನ್ನ ಏಡಿಯ ಹಾಗೆ ಅಡ್ಡಡ್ಡ ಇಳಿದೆ. ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಕಾಗದದ ಮೇಲೆ ತೊಡೆ ಬರೆದು ತೋರಿಸಿದರು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತೆ. ಇಳಿಯುವಾಗ ಹಿಗ್ಗುತ್ತಾ ಮೈಭಾರವನ್ನು ತಡೀಬೇಕು, ಬ್ರೇಕಿನ ಹಾಗೆ. ಆಗಲೇ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು, ನೋವು ಜೋರಾಗೋದು ಒಂದೆರಡು ದಿನ ಬಿಟ್ಟು. ಹತ್ತೋ ಅಭ್ಯಾಸ ಅದಕ್ಕೆ ಹೆಚ್ಚು ಉಪಯೋಗಕ್ಕೆ ಬರೋದಿಲ್ಲ. ಒಂದೆರಡು ಸಲ ಇಳಿದು ಅಭ್ಯಾಸ ಮಾಡಿದ್ದರೆ ಸ್ನಾಯು ಕೆಲವು ವಾರ ಅದನ್ನ ನೆನಪಿಟ್ಟುಕೊಳ್ಳುತ್ತಂತೆ. "ನೀವು ಆಕ್ಸಿಲರೇಟರ್ ಮಾತ್ರ ಸರ್ವೀಸ್ ಮಾಡಿಸಿಕೊಂಡು ಘಾಟಿಗೆ ಹೋಗಿದ್ರಿ" ಅಂದರು. ಮಂಡಿ? ಮಂಡಿಗೇನೂ ಆಗಿರಲಿಲ್ಲ.

ಡಿಸೆಂಬರಿಗೆ ಸ್ಕಂದಗಿರಿಗೆ ಆನ್‌ಲೈನಲ್ಲಿ ಟಿಕೆಟ್ ತಗೊಂಡಿದ್ದೀವಿ, ತಂಗಿ ಮಗಳೂ ಬರ್ತಾಳೆ. ಈಗ ಬೆಳಿಗ್ಗೆ ಹಾಲು ತಂದವಳು ಲಿಫ್ಟಲ್ಲಿ ಒಂಬತ್ತನೇ ಮಹಡಿಗೆ ಹೋಗ್ತೀನಿ, ಮೆಟ್ಟಿಲಲ್ಲಿ ಇಳೀತೀನಿ, ಮತ್ತೆ ಲಿಫ್ಟು. ಮೊನ್ನೆ ಮೂರನೇ ಸಲ ಕೆಳಗೆ ಬಂದಾಗ ವಾಚ್‌ಮನ್ ಕುರ್ಚಿ ಬಿಟ್ಟು ಎದ್ದು ಬಂದ. "ಅಮ್ಮಾವ್ರೇ, ಲಿಫ್ಟು ಕೆಳಗಡೆನೂ ಬರ್ತದೆ. ಎರಡನೇ ಬಟನ್ನು" ಅಂದ.