ಟರ್ನ್ ಮಾಡುವಾಗ ವಾಲುತ್ತೀರಾ? ಮೊದಲು ಭಾರ ಎಲ್ಲಿದೆ ನೋಡಿ

ಸೋಲೋ ಜಾಝ್‌ನಲ್ಲಿ (ಜೋಡಿ ಇಲ್ಲದೆ ಒಬ್ಬರೇ ಮಾಡುವ ಜಾಝ್ ಡಾನ್ಸ್) ಟರ್ನ್ ಕೈಕೊಟ್ಟರೆ ಎಲ್ಲರೂ ಮೊದಲು ಹೇಳೋದು "ಸ್ಪಾಟಿಂಗ್ ಮಾಡಿ" ಅಂತ. ನಾನೂ ಮೈ ತಿರುಗುವಾಗ ಕಣ್ಣನ್ನು ಒಂದೇ ಕಡೆ ನೆಟ್ಟು, ಕೊನೆಗೆ ಥಟ್ಟನೆ ತಲೆ ತಿರುಗಿಸಿ ಮತ್ತೆ ಅಲ್ಲೇ ನೋಡುತ್ತಾ, ತಿಂಗಳುಗಟ್ಟಲೆ ಕತ್ತು ತಿರುಗಿಸಿದೆ. ಕತ್ತು ನೋವು ಬಂತು ಅಷ್ಟೇ. ತಪ್ಪು ಇದ್ದದ್ದು ಕೆಳಗೆ. ನನ್ನ ಭಾರ ಎರಡೂ ಕಾಲಿಗೆ ಹಂಚಿಹೋಗಿತ್ತು. ಹಾಗಿದ್ದರೆ ತಿರುಗೋದು ಯಾವುದರ ಮೇಲೆ, ಅಲ್ವಾ?

ಹೀಗೆ ಮಾಡಿ ನೋಡಿ. ಎಡಗಾಲಿಟ್ಟು ಪೂರ್ತಿ ಭಾರ ಅದರ ಮೇಲೆ ಹಾಕಿ. ಈಗ ಬಲಗಾಲನ್ನು ಸುಮ್ನೆ ಎತ್ತಿ. ಮೈ ಅಲುಗಿದರೆ ಭಾರ ಇನ್ನೂ ಪೂರ್ತಿ ಬಂದಿಲ್ಲ ಅಂತ ಅರ್ಥ. ಇದು ಸರಿಹೋದ ಮೇಲೆ ಕಾಲು ಸುತ್ತು (ನಾಲ್ಕರಲ್ಲಿ ಒಂದು ಭಾಗ, ಪಾದ ಅಲ್ಲ!), ಆಮೇಲೆ ಅರ್ಧ, ಕೊನೆಗೆ ಪೂರ್ತಿ. ತಿರುಗುವುದು ಪಾದದ ಮುಂಭಾಗದ ಮೇಲೆ. ಹಿಮ್ಮಡಿಯ ಕೆಳಗೆ ಒಂದು ಕಾಗದ ತೂರುವಷ್ಟು ಜಾಗ ಇದ್ದರೆ ಸಾಕು. ಬ್ಯಾಲೆ ತರ ಮೇಲಕ್ಕೆ ಏರಬೇಡಿ. ಸ್ವಿಂಗ್‌ನಲ್ಲಿ (ಸೋಲೋ ಜಾಝ್ ಕೂಡ ಇದೇ ಡಾನ್ಸ್ ಕುಟುಂಬದ್ದು) ಮಂಡಿ ಸಡಿಲವಾಗಿರಬೇಕು, ಇಲ್ಲದಿದ್ದರೆ ಬೌನ್ಸ್, ಅಂದರೆ ತಾಳಕ್ಕೆ ಮೈ ಮೆಲ್ಲಗೆ ಏರಿಳಿಯುವುದು, ಸತ್ತುಹೋಗುತ್ತದೆ.

ಕೈಗಳನ್ನು ಜಾಸ್ತಿ ಬೀಸಿದರೆ ಮೈ ಅದರ ಹಿಂದೆ ಓಡುತ್ತದೆ. ಎದೆಯ ಹತ್ತಿರ ತಂದುಕೊಳ್ಳಿ, ವೇಗ ತಾನಾಗಿ ಬರುತ್ತದೆ. ಸ್ಪಾಟಿಂಗ್ ಬೇಡ ಅಂತಲ್ಲ, ಅದು ಇದಾದ ಮೇಲೆ.

ಶೂ ವಿಷಯ: ಹಿಡಿತ ಜಾಸ್ತಿ ಇರುವ ರಬ್ಬರ್ ಸೋಲ್ ಆದರೆ ಪಾದ ನೆಲಕ್ಕೆ ಕಚ್ಚಿಕೊಂಡು ಮಂಡಿ ತಿರುಚಿಕೊಳ್ಳುತ್ತದೆ. ಲೆದರ್ ಅಥವಾ ಸ್ವೀಡ್ (ನವಿರಾದ ಮೃದು ಚರ್ಮ) ಸೋಲ್ ಒಳ್ಳೆಯದು. ಮತ್ತೆ, ನಿಮಗೆ ಕಷ್ಟ ಅನಿಸುವ ದಿಕ್ಕಿಗೇ ಮೊದಲು ಅಭ್ಯಾಸ ಮಾಡಿ. ಸುಲಭದ್ದನ್ನು ಹೇಗಿದ್ದರೂ ಮಾಡೇ ಮಾಡ್ತೀರಿ.